ಅಪ್ಪ, ಸೈಕಲ್ಲು ಮತ್ತು ಮೂರು ವೈರು

ನಮ್ಮ ಟೀಮಿನಲ್ಲಿದ್ದ ಹುಡುಗನೊಬ್ಬ ಜರ್ಮನಿಗೆ ಹೊರಟ. ಹೀಗೆ ಹೊರಡುವವರು ಫ್ರಿಜ್ಜು, ವಾಷಿಂಗ್ ಮಷೀನು, ಮಂಚ ಅಂತ ಎಲ್ಲದರ ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕ್ತಾರಲ್ಲ, ಇವನೂ ಹಾಕಿದ್ದ. ಕೊನೆಯ ಫೋಟೋದಲ್ಲಿ ಒಂದು ಎಲೆಕ್ಟ್ರಿಕ್ ಸೈಕಲ್ಲಿತ್ತು. ಒಂದು ವರ್ಷ ಹಳೇದು, ಕಪ್ಪು ಬಣ್ಣ, 14,000 ರೂಪಾಯಿ. ಮದುವೆ ಆಗಬೇಕೋ ಬೇಡವೋ ಅಂತ ಮೂರು ವರ್ಷದಿಂದ ಯೋಚನೆ ಮಾಡ್ತಿರೋ ನಾನು ಈ ಸೈಕಲ್ಲಿನ ವಿಷಯದಲ್ಲಿ ಮೂರೇ ನಿಮಿಷಕ್ಕೆ ನಿರ್ಧಾರ ತಗೊಂಡುಬಿಟ್ಟೆ :)

ವಾರಕ್ಕೆರಡು ದಿನ ಆಫೀಸಿಗೆ ಸೈಕಲ್ಲಲ್ಲಿ ಹೋಗೋದು, ಹೊಟ್ಟೆ ಕರಗಿಸೋದು. ಇದು ಪ್ಲಾನು. ಒಟ್ಟು ಮೂರು ಸಲ ಹೋದೆ. ಆಮೇಲೆ ಮಳೆ ಶುರುವಾಯ್ತು, ಆಮೇಲೆ ರಿಲೀಸ್ ಬಂತು, ಆಮೇಲೆ ನೆಪ ಹುಡುಕೋದನ್ನೂ ಬಿಟ್ಟೆ. ಸೈಕಲ್ಲು ಮೆಟ್ಟಿಲ ಕೆಳಗೆ ನಿಂತುಕೊಂಡಿತು. ಅದರ ಹ್ಯಾಂಡಲ್ಲಿಗೆ ಅಮ್ಮ ಕೊಡೆ ನೇತುಹಾಕೋಕೆ ಶುರು ಮಾಡಿದಳು.

ಅದನ್ನ ಮತ್ತೆ ಹೊರಗೆ ತೆಗೆದವರು ಅಪ್ಪ.

ಅಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವರು. ತಿಪಟೂರಿನ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಸೈಕಲ್ಲಿನಲ್ಲೇ ಓಡಾಡಿದ್ದು. ಕ್ಯಾರಿಯರ್ರಿನಲ್ಲಿ ಹಗ್ಗದ ಸುರುಳಿ, ಹ್ಯಾಂಡಲ್ಲಿಗೆ ಕಟಿಂಗ್ ಪ್ಲೇಯರ್ರು, ಕೈಗವಸು ಇಟ್ಟ ಖಾಕಿ ಚೀಲ. ರಾತ್ರಿ ಮಳೆಯಲ್ಲಿ ಕರೆಂಟು ಹೋದರೆ ಊರಿನವರೆಲ್ಲ ಮಲಗ್ತಿದ್ದರು, ನಮ್ಮ ಮನೆಯಲ್ಲಿ ಮಾತ್ರ ಎದ್ದು ಕೂರ್ತಿದ್ವಿ. ಈಗ ರಿಟೈರ್ ಆಗಿ ನನ್ನ ಜೊತೆ ಹನುಮಂತನಗರಕ್ಕೆ ಬಂದು ಎರಡು ವರ್ಷ ಆಯ್ತು. ಬಲಗಾಲಿನ ಮಂಡಿ ಸವೆದಿದೆ. ಡಾಕ್ಟರು, "ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ಸೈಕಲ್ ತುಳೀರಿ, ಒಳ್ಳೇದು. ಮಂಡಿ ಮೇಲೆ ಭಾರ ಹಾಕ್ಬೇಡಿ" ಅಂದರು. ರಾಮಾಂಜನೇಯ ಗುಡ್ಡದ ಬುಡದಲ್ಲಿ ಮನೆ ಮಾಡ್ಕೊಂಡು ಸಮತಟ್ಟು ಜಾಗ ಎಲ್ಲಿಂದ ತರೋದು?

ಅದಕ್ಕೇ ಮೋಟರ್ ಇದೆಯಲ್ಲ ಅಂತ ಒಂದು ದಿನ ಕೊಡೆ ಪಕ್ಕಕ್ಕಿಟ್ಟು ಹತ್ತಿಯೇಬಿಟ್ಟರು. ಗಾಂಧಿ ಬಜಾರಿಗೆ ಹೋಗಿ ಸೊಪ್ಪು, ಹೂವು ತಂದರು. ಮರುದಿನವೂ ಹೋದರು. ಹದಿನೈದು ದಿನ ಅಮ್ಮನಿಗೆ ಬೇಕಿರಲಿ ಬೇಡದಿರಲಿ ಮನೆಗೆ ದಂಟಿನ ಸೊಪ್ಪು ಬರ್ತಾನೇ ಇತ್ತು. ಮುಖದಲ್ಲಿ ಏನೋ ಒಂದು ಹಳೇ ಕಳೆ ಬಂದಿತ್ತು, ಅದನ್ನ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ.

ಹದಿನಾರನೇ ದಿನ ನಮ್ಮ ಬೀದಿಯ ಏರಿನ ಮಧ್ಯದಲ್ಲಿ ಯಾರದೋ ಕಾರು ರಿವರ್ಸ್ ಬಂತು. ಅಪ್ಪ ಕಾಲು ಕೆಳಗಿಟ್ಟರು. ಮತ್ತೆ ಹೊರಡೋಕೆ ಆಗಲಿಲ್ಲ.

ಯಾಕೆ ಅಂದ್ರೆ, ಈ ಸೈಕಲ್ಲು ತುಳಿದರೆ ಮಾತ್ರ ನೆರವಾಗೋ ಜಾತಿಯದು. ಪೆಡಲಿನ ಅಚ್ಚಿನ ಹತ್ತಿರ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರ ಸುತ್ತ 12 ಪುಟ್ಟ ಅಯಸ್ಕಾಂತ. ಬಿಲ್ಲೆ ತಿರುಗಿದಂತೆ ಪಕ್ಕದ ಸೆನ್ಸರ್ ಎಣಿಸುತ್ತೆ. ನಾಲ್ಕೈದು ಎಣಿಸಿದ ಮೇಲೆ, ಓಹೋ ಇವನು ತುಳೀತಿದಾನೆ ಅಂತ ಕಂಟ್ರೋಲರ್ರಿಗೆ ನಂಬಿಕೆ ಬಂದು ಮೋಟರ್ ಓಡುತ್ತೆ. ಅಂದರೆ ಆ ಮೊದಲ ಅರ್ಧ ಸುತ್ತು ನಿಮ್ಮ ಕಾಲಿನದೇ. ನನಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಏರಿನಲ್ಲಿ, ನಿಂತಲ್ಲಿಂದ, ಸವೆದ ಮಂಡಿಗೆ ಆ ಅರ್ಧ ಸುತ್ತೇ ಎಲ್ಲ. ಇಪ್ಪತ್ತು ಕೆಜಿ ದಾಟೋ ಸೈಕಲ್ಲನ್ನ ತಳ್ಳಿಕೊಂಡು ಬಂದು ಮೆಟ್ಟಿಲ ಕೆಳಗೆ ನಿಲ್ಲಿಸಿ, ಏನೂ ಹೇಳದೆ ಕೈಕಾಲು ತೊಳೆಯೋಕೆ ಹೋದರು. ಮರುದಿನ ಹ್ಯಾಂಡಲ್ಲಿಗೆ ಮತ್ತೆ ಕೊಡೆ ಬಂತು.

ಥ್ರಾಟಲ್ ಹಾಕೋಣ ಅಂತ ನನಗೆ ಹೊಳೆದದ್ದು ಆ ಕೊಡೆ ನೋಡಿ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಬರೆಯೋದು ಜಾವಾ. ಕಾಲೇಜಿನ ಲ್ಯಾಬಿನಲ್ಲಿ ಮಲ್ಟಿಮೀಟರ್ ಹಿಡೀತಿದ್ದಿದ್ದು ನನ್ನ ಬ್ಯಾಚ್‌ಮೇಟು, ನಾನು ರೀಡಿಂಗ್ ಬರ್ಕೋತಿದ್ದೆ. ಆದರೂ ನಾಲ್ಕು ಸ್ಕ್ರೂ ಬಿಚ್ಚಿ ಕಂಟ್ರೋಲರ್ ಡಬ್ಬಿ ತೆಗೆದಾಗ ಒಳಗೆ ಯಾವುದಕ್ಕೂ ಸೇರಿಸದ ಮೂರು ಪಿನ್ನಿನ ಒಂದು ಕನೆಕ್ಟರ್ ಸಿಕ್ಕಿತು. ಕೆಂಪು, ಕಪ್ಪು, ಹಸಿರು. ತಯಾರಿಸಿದವನು ಜಾಗ ಬಿಟ್ಟಿದ್ದಾನೆ, ಹಾಕಿಲ್ಲ ಅಷ್ಟೆ. ಖುಷಿಯಾಗಿ ಆನ್‌ಲೈನಿನಲ್ಲಿ 450 ರೂಪಾಯಿಗೆ ಸ್ಕೂಟರ್ ಥರ ತಿರುಗಿಸೋ ಥ್ರಾಟಲ್ ತರಿಸಿದೆ. ಎಸ್.ಪಿ. ರೋಡಿಗೆ ಹೋಗಿ ಮೊದಲ ಸಲ ಸ್ವಂತ ದುಡ್ಡಲ್ಲಿ ಒಂದು ಮಲ್ಟಿಮೀಟರ್ ಕೊಂಡೆ. ಅಂಗಡಿಯವನು "ಕಾಲೇಜ್ ಪ್ರಾಜೆಕ್ಟಾ?" ಅಂತ ಕೇಳಿದ. ಹೂಂ ಅಂದೆ!

ಥ್ರಾಟಲ್ ಒಳಗೆ ದೊಡ್ಡ ವಿದ್ಯೆ ಏನಿಲ್ಲ. ತಿರುಗಿಸಿದರೆ ಒಂದು ಅಯಸ್ಕಾಂತ ಸರಿಯುತ್ತೆ, ಅದು ಎಷ್ಟು ಸರಿಯಿತು ಅಂತ ಒಂದು ಹಾಲ್ ಸೆನ್ಸರ್ ನೋಡುತ್ತೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಅದೇ ಹಾಲ್ ಎಫೆಕ್ಟು, ನಮಗೆ ಎರಡು ಮಾರ್ಕಿನ ಪ್ರಶ್ನೆ. ಕೆಂಪು ವೈರಿನಲ್ಲಿ 5 ವೋಲ್ಟ್ ಹೋಗುತ್ತೆ, ಕಪ್ಪು ಗ್ರೌಂಡು, ಮೂರನೆಯದರಲ್ಲಿ ಉತ್ತರ ಬರುತ್ತೆ. ಬಣ್ಣ ನಂಬಬಾರದು, ಅಳೆದೇ ನೋಡಬೇಕು ಅಂತ ಓದಿದ್ದೆ, ಅಳೆದೆ. ಸುಮ್ಮನಿದ್ದಾಗ 0.86 ವೋಲ್ಟ್, ಪೂರ್ತಿ ತಿರುಗಿಸಿದಾಗ ಮೂರೂವರೆ ದಾಟಿತು. ಸೋಪಿನ ನೀರು ಬಿಟ್ಟು ಬಲಗೈ ಹಿಡಿಕೆ ಕಿತ್ತು, ಥ್ರಾಟಲ್ ತೂರಿಸಿ, ವೈರಿಗೆ ವೈರು ಹೆಣೆದು ಇನ್ಸುಲೇಷನ್ ಟೇಪು ಸುತ್ತಿದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಶುರು ಮಾಡಿದ್ದು, ಊಟಕ್ಕೆ ಮುಂಚೆ ಮುಗೀತು. ಏರಿನಲ್ಲಿ ಕಾಲು ಅಲ್ಲಾಡಿಸದೆ ಹತ್ತಿ ಬಂದೆ. ಆಫೀಸಿನಲ್ಲಿ ಯಾವ ರಿಲೀಸಿಗೂ ಅಷ್ಟು ಸಂತೋಷ ಆಗಿಲ್ಲ.

ಜರ್ಮನಿಯವನಿಗೆ ವಿಡಿಯೋ ಕಳಿಸಿದೆ. ಅಲ್ಲಿ ಹೀಗೆ ಮಾಡಿದರೆ ಅದು ಸೈಕಲ್ಲೇ ಅಲ್ಲವಂತೆ. ತುಳಿಯದೆ ಮೋಟರ್ ಎಳೆಯೋದು ಗಂಟೆಗೆ 6 ಕಿಲೋಮೀಟರ್ ತನಕ ಮಾತ್ರ, ಅದೂ ತಳ್ಳೋಕೆ, ಹೊರಡೋಕೆ ನೆರವಾಗಲಿ ಅಂತ. ನಮ್ಮಲ್ಲಿ ಮೋಟರ್ 250 ವ್ಯಾಟಿನೊಳಗೆ, ವೇಗ 25ರೊಳಗೆ ಇರೋ ಗಾಡಿಗೆ ರಿಜಿಸ್ಟ್ರೇಷನ್ನು, ಲೈಸೆನ್ಸು ಬೇಕಿಲ್ಲ. ಅವನ 6 ಕಿಲೋಮೀಟರ್ ಕೇಳಿ ನಾನು ನಕ್ಕಿದ್ದೆ. ಎಷ್ಟು ಹೆದರ್ತಾರಪ್ಪ ಈ ಜನ ಅಂತ.

ಸಂಜೆ ಅಪ್ಪನಿಗೆ ತೋರಿಸಬೇಕಿತ್ತು. ಸೈಕಲ್ಲಿನ ಸ್ವಿಚ್ಚು ಆನ್ ಇತ್ತು. ಇಷ್ಟು ದಿನ ಆನ್ ಇಟ್ಟುಕೊಂಡೇ ತಳ್ತಿದ್ದೆ, ಪೆಡಲ್ ತಿರುಗದೆ ಮೋಟರ್ ಓಡಲ್ಲವಲ್ಲ. ಅಪ್ಪ ಮುಂದೆ ಹೋಗಿ ಗೇಟು ತೆಗೀತಿದ್ದರು. ಹೊಸಿಲಿನ ಹತ್ತಿರ ಚಕ್ರ ಸ್ವಲ್ಪ ತಡೀತು, ನಾನು ಹಿಡಿಕೆ ಗಟ್ಟಿಯಾಗಿ ಹಿಡಿದು ಎಳೆದೆ. ಹಿಡಿದದ್ದು ಥ್ರಾಟಲ್ಲನ್ನ.

ಸೈಕಲ್ಲು ನನ್ನ ಕೈ ಕಿತ್ತುಕೊಂಡು ಹಾರಿತು. ಕೈ ಬಿಟ್ಟಿದ್ದರೆ ನಿಂತಿರೋದು. ಆದರೆ ಗಾಡಿ ಓಡಿಹೋಗ್ತಿರುವಾಗ ಯಾರೂ ಕೈ ಬಿಡಲ್ಲ, ಇನ್ನೂ ಗಟ್ಟಿ ಹಿಡೀತಾರೆ, ಹಿಡಿದಷ್ಟೂ ತಿರುಗುತ್ತೆ. ಗೇಟಿಗೆ ಗುದ್ದಿತು, ಗೇಟು ಅಪ್ಪನಿಗೆ ಗುದ್ದಿತು. ಬಲಗಾಲಿಗೇ. ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಮ್ಮ ಒಳಗಿಂದ ಓಡಿಬಂದು ನನ್ನನ್ನ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಮೂಳೆಗೇನೂ ಆಗಿರಲಿಲ್ಲ, ಮಂಡಿಯ ಕೆಳಗೆ ಒಂದು ಅಂಗೈಯಷ್ಟು ಜಾಗ ಕಪ್ಪಗಾಗಿತ್ತು. ನಾಲ್ಕು ದಿನ ಅಪ್ಪ ಕುಂಟಿದರು, ನಾನು ಅವರೆದುರು ಕೂತು ಊಟ ಮಾಡಲಿಲ್ಲ. ಐದನೇ ದಿನ ರಾತ್ರಿ ಸ್ಕ್ರೂಡ್ರೈವರ್ ತಗೊಂಡು ಮೆಟ್ಟಿಲ ಕೆಳಗೆ ಹೋದೆ.

"ಏನು ಮಾಡ್ತಿದ್ದೀಯೋ?"

"ಥ್ರಾಟಲ್ ತೆಗೆದುಬಿಡ್ತೀನಿ ಅಪ್ಪ."

"ತೆಗೀಬೇಡ. ನಿಲ್ಸೋದು ಎಲ್ಲಿದೆ ತೋರ್ಸು."

ಬ್ರೇಕ್ ತೋರಿಸಿದೆ. "ಅದು ಚಕ್ರ ನಿಲ್ಸುತ್ತೆ. ಕರೆಂಟು ನಿಲ್ಸೋದು?" ಅಂದರು. ಅದಿರಲಿಲ್ಲ. ತುಳಿಯೋದು ಬಿಟ್ಟರೆ ಮೋಟರ್ ತಾನೇ ನಿಲ್ಲುತ್ತೆ ಅನ್ನೋ ಲೆಕ್ಕದಲ್ಲಿ ಈ ಸೈಕಲ್ಲಿಗೆ ಬ್ರೇಕ್ ಹಿಡಿದಾಗ ಮೋಟರ್ ಕಡಿತ ಮಾಡೋ ಸ್ವಿಚ್ಚು ಕೊಟ್ಟಿರಲಿಲ್ಲ. ಥ್ರಾಟಲ್ ಹಾಕಿದ ದಿನವೇ ಆ ಲೆಕ್ಕ ತಪ್ಪಾಗಿತ್ತು, ನನಗೆ ಗೊತ್ತಾಗಿರಲಿಲ್ಲ ಅಷ್ಟೆ.

ಆಮೇಲೆ ಅಪ್ಪ ಒಂದು ಸ್ಟೂಲು ತಂದು ಕೂತರು. ಕಾಲೇಜಿನಲ್ಲಿ ಯಾವ ವೈವಾದಲ್ಲೂ ನನಗೆ ಅಷ್ಟು ಬೆವರಿರಲಿಲ್ಲ.

"ಈ ಕೆಂಪು ಕಟ್ಟಾದ್ರೆ?" ಮೋಟರ್ ನಿಲ್ಲುತ್ತೆ ಅಂದೆ. "ಹಸಿರು?" ನಿಲ್ಲುತ್ತೆ. "ಕಪ್ಪು?" ಅದೂ ನಿಲ್ಲುತ್ತೆ ಅನ್ಸುತ್ತೆ ಅಂದೆ.

"ಅನ್ಸುತ್ತೆ ಅಂದ್ರೆ ಏನು? ಕಿತ್ತು ನೋಡು."

ಸೈಕಲ್ಲನ್ನ ತಲೆಕೆಳಗೆ ನಿಲ್ಲಿಸಿ, ಸ್ವಿಚ್ ಹಾಕಿ, ಥ್ರಾಟಲ್ ಮುಟ್ಟದೆ, ಕಪ್ಪು ವೈರಿನ ಜೋಡಣೆ ಮಾತ್ರ ಎಳೆದೆ. ಹಿಂದಿನ ಚಕ್ರ ಪೂರ್ತಿ ವೇಗದಲ್ಲಿ ಗಿರ್ರಂತ ತಿರುಗಿತು. ಕಡ್ಡಿಗಳು ಕಾಣದಷ್ಟು. ನನ್ನ ಕೈ ನಡುಗಿತು. ಗ್ರೌಂಡ್ ತಪ್ಪಿದರೆ ಸೆನ್ಸರಿನ ಉತ್ತರ 0.86ರಲ್ಲಿ ನಿಲ್ಲಲ್ಲ, 5 ವೋಲ್ಟಿನ ಕಡೆಗೆ ಹಾರುತ್ತೆ. ಕಂಟ್ರೋಲರ್ ಅದನ್ನ, ಪೂರ್ತಿ ತಿರುಗಿಸಿದ್ದಾನೆ ಅಂತ ಓದ್ಕೊಳ್ಳುತ್ತೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಓಡಲಿಲ್ಲ, ಶುರುವಿನಲ್ಲಿ ಒಂದು ಸಲ ಪರೀಕ್ಷೆ ಮಾಡುತ್ತೆ. ಓಡುವಾಗ ಮಾಡಲ್ಲ. ಇಂಥ ಕೋಡ್ ನಾನೂ ಎಷ್ಟೋ ಬರೆದಿದ್ದೀನಿ, ನಾಚಿಕೆಯಿಂದ ಹೇಳ್ತಿದ್ದೀನಿ. ಹೆಣೆದು ಟೇಪು ಸುತ್ತಿದ ಆ ಒಂದು ಕಪ್ಪು ವೈರು ಬುಲ್ ಟೆಂಪಲ್ ರೋಡಿನ ಟ್ರಾಫಿಕ್ಕಿನಲ್ಲಿ, ಅಪ್ಪ ಸೀಟಿನ ಮೇಲಿದ್ದಾಗ ಬಿಟ್ಟಿದ್ದರೆ?

ಅಪ್ಪ ಬೈಯಲಿಲ್ಲ. ಅವರ ಜೊತೆ ಕೆಲಸ ಮಾಡ್ತಿದ್ದ ಒಬ್ಬರ ಕಥೆ ಹೇಳಿದರು. ನಾನು ಕೇಳಿರದ ಕಥೆ. ಲೈನ್ ಕ್ಲಿಯರ್ ತಗೊಂಡಾಗಿದೆ, ಹತ್ತು ಅಂತ ಕೆಳಗಿದ್ದವನು ಕೂಗಿದ, ಅವರು ಹತ್ತಿದರು. ಬೇರೆ ಕಡೆಯಿಂದ ಕರೆಂಟು ಬರ್ತಿತ್ತು. "ನಾನು ಅವತ್ತಿಂದ ಯಾರು ಆಫ್ ಅಂದ್ರೂ ನಂಬ್ಲಿಲ್ಲ. ಅರ್ಥಿಂಗ್ ರಾಡ್ ಹಾಕದೆ ಮುಟ್ಟಿಲ್ಲ. ನಿಧಾನ ಮಾಡ್ತಾನೆ ಅಂತ ಎಲ್ರೂ ಬೈತಿದ್ರು" ಅಂದರು. ಮಳೆ ರಾತ್ರಿಗಳಲ್ಲಿ ಅಮ್ಮ ಯಾಕೆ ಎದ್ದು ಕೂರ್ತಿದ್ದಳು ಅಂತ ನನಗೆ ಇಪ್ಪತ್ತೆಂಟನೇ ವಯಸ್ಸಿಗೆ ಅರ್ಥವಾಯ್ತು.

ಮುಂದಿನ ಎರಡು ಭಾನುವಾರ ಅಪ್ಪ ಮೇಸ್ತ್ರಿ, ನಾನು ಹೆಲ್ಪರ್. ತಿರುಗಿಸೋದನ್ನ ತೆಗೆದು ಹೆಬ್ಬೆರಳಲ್ಲಿ ಒತ್ತೋ ಥ್ರಾಟಲ್ ಹಾಕಿದ್ವಿ. ತಳ್ಳುವಾಗ ಹಿಡಿಕೆ ಹಿಡಿದರೂ ಅದಕ್ಕೆ ಕೈ ತಾಗಲ್ಲ. ಹೆಣಿಗೆ ಬಿಚ್ಚಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ ಕೂರಿಸಿದ್ವಿ. ವೈರನ್ನ ನೇರ ಡಬ್ಬಿಯೊಳಗೆ ಬಿಡೋಕೆ ಅಪ್ಪ ಒಪ್ಪಲಿಲ್ಲ. ಕೆಳಕ್ಕೆ ಒಂದು ಜೋಲಿ ಬಿಟ್ಟು ಆಮೇಲೆ ಮೇಲಕ್ಕೆ ಹೋಗಬೇಕು. "ಮಳೆ ನೀರು ವೈರು ಹಿಡ್ಕೊಂಡೇ ಮನೆಯೊಳಗೆ ಬರೋದು. ಜೋಲಿ ಬಿಟ್ರೆ ಅಲ್ಲೇ ತೊಟ್ಟಿಕ್ಕುತ್ತೆ." ನಮ್ಮೂರಿನ ಮನೆಗಳಿಗೆ ಕಂಬದಿಂದ ಬರೋ ವೈರು ಗೋಡೆಯ ಹತ್ತಿರ ಜೋತಾಡೋದು ನೋಡಿ, ಎಳೆದು ಕಟ್ಟೋಕೂ ಸೋಮಾರಿತನ ಅಂದ್ಕೊಂಡಿದ್ದೆ ನಾನು.

ಸ್ವಿಚ್ಚಿರೋ ಬ್ರೇಕ್ ಲಿವರ್ ಎಡಕ್ಕೊಂದು, ಬಲಕ್ಕೊಂದು ತಂದೆ. ಬ್ರೇಕ್ ಸ್ವಲ್ಪ ಒತ್ತಿದರೂ, ಥ್ರಾಟಲ್ ಏನೇ ಹೇಳಲಿ, ಕಂಟ್ರೋಲರ್ ಮೋಟರ್ ನಿಲ್ಲಿಸುತ್ತೆ. ಕಪ್ಪು ವೈರು ಕಿತ್ತು ನೋಡಿದೆ, ಬ್ರೇಕ್ ಹಿಡಿದ ತಕ್ಷಣ ಚಕ್ರದ ಗಿರ್ರು ಸತ್ತಿತು. ಗೆದ್ದೆ ಅನ್ನೋ ಥರ ಅಪ್ಪನ ಕಡೆ ನೋಡಿದೆ.

"ಬ್ರೇಕಿನ ವೈರು ಕಟ್ಟಾದ್ರೆ?"

ಆ ಸ್ವಿಚ್ಚು ಒತ್ತಿದಾಗ ಮಾತ್ರ ಕೂಡೋ ಥರದ್ದು. ವೈರು ಕಡಿದರೆ ಕಂಟ್ರೋಲರ್ರಿಗೆ ತಿಳಿಯೋದೇ ಇಲ್ಲ, ಎಲ್ಲ ಸರಿಯಿದೆ ಅಂದ್ಕೊಂಡಿರುತ್ತೆ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಲಿವರ್ ಇವೆ, ಎರಡೂ ಒಟ್ಟಿಗೆ ಹೋಗಲ್ಲ ಅಂದೆ. ಅಪ್ಪ ಒಂದು ಕ್ಷಣ ಯೋಚನೆ ಮಾಡಿ, "ಹಂಗಾದ್ರೆ ದಿನಾ ನೋಡ್ಬೇಕು" ಅಂದು, ಎದ್ದುಹೋಗಿ ಮೆಟ್ಟಿಲ ಕೆಳಗಿನ ಕಬ್ಬಿಣದ ಕೊಕ್ಕೆಗೆ ಒಂದು ಹಗ್ಗ ಕಟ್ಟಿದರು. ಲೈನ್‌ಮನ್ ಗಂಟು. ನನಗೆ ಇವತ್ತಿಗೂ ಹಾಕೋಕೆ ಬರಲ್ಲ.

ಈಗ ದಿನಾ ಬೆಳಿಗ್ಗೆ ಆರೂ ಕಾಲಿಗೆ ಸೀಟು ಆ ಹಗ್ಗದ ಕುಣಿಕೆಗೆ ಬೀಳುತ್ತೆ, ಹಿಂದಿನ ಚಕ್ರ ನೆಲ ಬಿಡುತ್ತೆ. ಗಿರ್ರ್... ಎಡ ಬ್ರೇಕು. ಗಿರ್ರ್... ಬಲ ಬ್ರೇಕು. ನನಗೆ ಅದೇ ಅಲಾರಂ. ಏರಿನಲ್ಲಿ ಹೊರಡೋಕೆ ಮಾತ್ರ ಹೆಬ್ಬೆರಳು ಒತ್ತೋದಂತೆ, ಆಮೇಲೆ ತುಳೀತಾರಂತೆ. ಮನೆಗೆ ಮತ್ತೆ ದಂಟಿನ ಸೊಪ್ಪು ಬರ್ತಿದೆ.

ಪರೀಕ್ಷೆ ಮುಗಿಸಿ, ಸ್ವಿಚ್ ಆಫ್ ಮಾಡಿ, ಚೀಲ ಹ್ಯಾಂಡಲ್ಲಿಗೆ ಸಿಕ್ಕಿಸಿ ತಳ್ಳಿಕೊಂಡು ಬರ್ತಾರೆ. ಗೇಟು ತೆಗೆಯೋದು ನಾನು. "ಆಫ್ ಇದೆಯಾ ಅಪ್ಪ?" ಅಂತ ಕೇಳ್ತೀನಿ.

"ನೀನೇ ನೋಡ್ಕೋ" ಅಂತಾರೆ.

ಬಗ್ಗಿ ನೋಡಿ, ಆಮೇಲೆ ಗೇಟು ತೆಗೀತೀನಿ.