ಗುರಾಣಿಯ ಕಣ್ಣು

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ; ಅದಕ್ಕೆ ಮೂಲವಾದ ಪ್ರಮಾದವನ್ನೇ ಮುಂದಿಟ್ಟರು. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಯಲ್ಲಿ ಕ್ರಿಮಿಯೊಂದು ಸತ್ತರೂ ಆತನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರಗೆಟ್ಟವನ ಕಾಲಡಿಯಲ್ಲಿ ಏನೂ ಸಾಯದಿದ್ದರೂ ದೋಷ ತಪ್ಪದು. ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ಕಣ್ಣಾರೆ ನೋಡಿಯೇ ಹೆಜ್ಜೆಯಿಡಬೇಕೆಂಬ ನಿಯಮವು ಇದರಿಂದಲೇ ಹುಟ್ಟಿತು. ಕಾಣದೆ ಇಟ್ಟ ಹೆಜ್ಜೆಯಲ್ಲಿ ಅಹಿಂಸೆಗೆ ಆಧಾರವೇ ಇರುವುದಿಲ್ಲ.

ಈ ವಿಚಾರವು ಪಿಂಛಿ ಹಿಡಿದ ಮುನಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಗುಂಡು ನಿರೋಧಕ ಗುರಾಣಿಯನ್ನು ಹಿಡಿದು ಕತ್ತಲೆಯ ಕೋಣೆಯೊಂದನ್ನು ಪ್ರವೇಶಿಸುವ ಪೊಲೀಸನಿಗೂ ಅದು ಅಷ್ಟೇ ಅನ್ವಯಿಸುತ್ತದೆ.

ಹಾಸನ ಸೀಮೆಗೆ ಗುರಾಣಿ ಹೊಸತಲ್ಲ. ಇಲ್ಲಿನ ಹೊಲಗಳ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಗಳ ಮುಂದೆ ನಿಂತಿರುವ ವೀರಗಲ್ಲುಗಳಲ್ಲಿ ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಕತ್ತಿ ಹಿಡಿದ ವೀರರು ಅನೇಕರು. ಆ ಗುರಾಣಿ ಚಿಕ್ಕದು. ವೀರನ ಮುಖ ಅದರಿಂದ ಮುಚ್ಚಿಹೋಗುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ಹೌದು, ಸೇನಾನಿಯೂ ಹೌದು. ರಣರಂಗಸಿಂಗ, ಸಮರಧುರಂಧರ ಎಂಬ ಬಿರುದುಗಳನ್ನು ಪಡೆದವನು. 978ರಲ್ಲಿ ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದವನೂ ಅವನೇ. ಹೊಯ್ಸಳರ ದಂಡನಾಯಕ ಗಂಗರಾಜನೂ ಜಿನಭಕ್ತನೇ. ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಆರಂಭೀ, ಉದ್ಯೋಗೀ ಮತ್ತು ವಿರೋಧೀ ಹಿಂಸೆಗಳು ಅವನ ಬದುಕಿನಿಂದ ಪೂರ್ತಿಯಾಗಿ ಬಿಟ್ಟುಹೋಗಲಾರವು, ಅವುಗಳನ್ನು ಯತ್ನಪೂರ್ವಕ ಕಡಿಮೆ ಮಾಡಬೇಕು ಎಂಬ ವಿವೇಚನೆ ಇವರೆಲ್ಲರ ಬೆನ್ನಿಗಿತ್ತು. ಇಂದು ಜೈನ ಮನೆತನದ ಯುವಕನೊಬ್ಬನು ಪೊಲೀಸ್ ಪಡೆಗೆ ಸೇರಿದರೆ ಆತನು ಕುಲಧರ್ಮವನ್ನು ಬಿಟ್ಟನೆಂದು ಹೇಳಲು ಆಧಾರವಿಲ್ಲ.

ಹಾಸನದ ವರ್ತಕರೊಬ್ಬರ ತಮ್ಮನ ಮಗ ಅಂಥ ಸಶಸ್ತ್ರ ಪಡೆಯೊಂದರಲ್ಲಿದ್ದಾನೆ. ಪರ್ಯೂಷಣದ ದಿನಗಳಲ್ಲಿ ರಜೆಗೆ ಬಂದಿದ್ದಾಗ ಅವನು ಮನೆಯಲ್ಲಿ ಒಂದು ಮಾತು ಹೇಳಿದ: “ದೊಡ್ಡಪ್ಪ, ಗುರಾಣಿ ಗುಂಡು ತಡೆಯುತ್ತೆ ಅನ್ನೋ ಧೈರ್ಯ ಇದೆ. ಆದರೆ ಎದುರಿಗೆ ಇರೋದು ಕಳ್ಳನೋ ಕೂಸೋ ಅನ್ನೋದು ಆ ಕಿಂಡಿಯಲ್ಲಿ ಸರಿಯಾಗಿ ಕಾಣಿಸಲ್ಲ.” ವರ್ತಕರು ಆ ರಾತ್ರಿ ಹೆಚ್ಚು ಮಾತನಾಡಲಿಲ್ಲ. ಮರುದಿನ ಅಂಗಡಿಯಲ್ಲಿ ಲೆಕ್ಕದ ಹಾಳೆಯ ಹಿಂಬದಿಯಲ್ಲಿ ಗೀಟು ಎಳೆದು ಲೆಕ್ಕಹಾಕಿದರು.

ಲೆಕ್ಕ ಸರಳವಾದುದು. ಕಿಂಡಿಯ ಅಗಲ 30 ಸೆಂಟಿಮೀಟರ್, ಎತ್ತರ 10 ಸೆಂಟಿಮೀಟರ್ ಇದೆಯೆಂದು ಇಟ್ಟುಕೊಳ್ಳೋಣ. ಕಣ್ಣು ಅದರಿಂದ 30 ಸೆಂಟಿಮೀಟರ್ ಹಿಂದಿದ್ದರೆ, ಕಣ್ಣಿನಿಂದ 3 ಮೀಟರ್ ದೂರದಲ್ಲಿ ಒಂದೇ ನೋಟಕ್ಕೆ ಕಾಣುವುದು 3 ಮೀಟರ್ ಅಗಲ, 1 ಮೀಟರ್ ಎತ್ತರ. ನಿಂತವನ ಮುಖ ಕಂಡರೆ ಅವನ ಕಾಲು ಕಾಣದು. ಮಂಚದ ಪಕ್ಕದಲ್ಲಿ ಕುಗ್ಗಿ ಕುಳಿತ ಮಗು ಕಾಣದು. ಅದೇ ಕಿಂಡಿಗೆ ಕಣ್ಣು 15 ಸೆಂಟಿಮೀಟರಿನಷ್ಟು ಹತ್ತಿರವಾದರೆ ಅಗಲ 6 ಮೀಟರಿಗೂ ಎತ್ತರ 2 ಮೀಟರಿಗೂ ಏರುತ್ತದೆ. ಕಿಂಡಿಯನ್ನು ಒಂದಂಗುಲವೂ ದೊಡ್ಡದು ಮಾಡದೆ, ಹಿಡಿಯ ಜಾಗವನ್ನೂ ಹಿಡಿಯುವ ರೀತಿಯನ್ನೂ ತಿದ್ದಿದರೆ ನೋಟವು ಇಮ್ಮಡಿಯಾಗುತ್ತದೆ.

ಕಿಂಡಿಯನ್ನೇ ದೊಡ್ಡದು ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಗುರಾಣಿಯ ಒಡಲನ್ನು ಅರಾಮಿಡ್ ಅಥವಾ ಪಾಲಿಥಿಲೀನ್ ನಾರಿನಿಂದ ಹಗುರವಾಗಿ ಮಾಡಬಹುದು. ಪಾರದರ್ಶಕ ಭಾಗವನ್ನಾದರೋ ಪಾಲಿಕಾರ್ಬೊನೇಟ್, ಅಕ್ರಿಲಿಕ್ ಅಥವಾ ಗಾಜಿನ ಪದರಗಳನ್ನು ಅಂಟಿಸಿ ದಪ್ಪವಾಗಿಯೇ ಮಾಡಬೇಕು; ಅದೇ ಗುಂಡನ್ನು ತಡೆಯಲು ಅದಕ್ಕೆ ಹೆಚ್ಚು ತೂಕ ಬೇಕು. ಪಿಸ್ತೂಲಿನ ಗುಂಡನ್ನು ತಡೆಯುವ ಗುರಾಣಿಯೇ ಎಂಟು ಹತ್ತು ಕಿಲೋ ತೂಗಬಹುದು. ಕಿಂಡಿ ಹಿಗ್ಗಿದಷ್ಟೂ ತೋಳು ಸೋಲುತ್ತದೆ. ಸೋತ ತೋಳು ಗುರಾಣಿಯನ್ನು ಕೆಳಗಿಳಿಸುತ್ತದೆ. ಗಲಭೆಯ ಸಮಯದಲ್ಲಿ ಕಾಣುವ ಪೂರ್ತಿ ಪಾರದರ್ಶಕ ಗುರಾಣಿಗಳು ಕಲ್ಲನ್ನು ತಡೆಯುವುವೇ ಹೊರತು ಗುಂಡನ್ನಲ್ಲ. ಹಿಂದೆ ಪೊಲೀಸರು ಹಿಡಿಯುತ್ತಿದ್ದ ಬೆತ್ತದ ಗುರಾಣಿಗೆ ಬದಲಾಗಿ ಅವು ಬಂದಾಗ ಆದ ದೊಡ್ಡ ಲಾಭವೇ ನೋಟದ್ದು.

ಇನ್ನುಳಿದ ಪರಿಹಾರಗಳೂ ದುಬಾರಿಯಲ್ಲ. ಉಸಿರಿನ ಹಬೆ ಕಟ್ಟದಂತೆ, ಗೀರು ಬೀಳದಂತೆ ಲೇಪನ ಮಾಡಿಸಬಹುದು. ದೀಪವನ್ನು ಗುರಾಣಿಯ ಹೊರಮುಖಕ್ಕೆ ಜೋಡಿಸಿದರೆ ಅದರ ಬೆಳಕು ಕಿಂಡಿಯಲ್ಲಿ ಪ್ರತಿಫಲಿಸಿ ಹಿಡಿದವನ ಕಣ್ಣನ್ನೇ ಕುಕ್ಕುವುದಿಲ್ಲ. ಒಣಬಟ್ಟೆಯಿಂದ ಒರೆಸಿದರೆ ಧೂಳೇ ಗೀರು ಎಳೆಯುತ್ತದೆ. ಪೆಟ್ರೋಲು, ಥಿನ್ನರು ತಾಗಿದರೆ ಪಾಲಿಕಾರ್ಬೊನೇಟ್ ಮಬ್ಬಾಗಿ ಬಿರುಕು ಬಿಡುತ್ತದೆ. ಸೌಮ್ಯವಾದ ಸಾಬೂನಿನ ನೀರು, ಮೆತ್ತನೆಯ ಬಟ್ಟೆ ಸಾಕು. ಪದರಗಳ ನಡುವೆ ಗುಳ್ಳೆಯೆದ್ದ ಕಿಂಡಿಯನ್ನು ಬದಲಿಸಲೇಬೇಕು. ಗುರಾಣಿ ಹಿಡಿದವನಿಗೆ ಕಾಣದ ಬದಿಯನ್ನು ನೋಡಲು ಪಕ್ಕದಲ್ಲಿ ಇನ್ನೊಬ್ಬನಿರಬೇಕು. ಇಬ್ಬರಿಗೂ ಒಟ್ಟಿಗೆ ಅಭ್ಯಾಸವಿರಬೇಕು.

ಇಲ್ಲಿ ವರ್ತಕರ ಪಾಲಿನ ಪ್ರಶ್ನೆಯೂ ಒಂದುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದುವನ್ನು ಕೊಡುವುದನ್ನು ಹಿಂಸಾದಾನವೆಂಬ ಅನರ್ಥದಂಡದಲ್ಲಿ ಎಣಿಸಿದ್ದಾರೆ. ಗುರಾಣಿಯ ಹೆಸರು ಅಲ್ಲಿಲ್ಲ. ಆದರೆ ಪಟ್ಟಿ ‘ಮೊದಲಾದ’ ಎಂದು ಮುಗಿಯುತ್ತದೆ. ಗುರಾಣಿಯು ಕಾಯುವ ಸಾಧನ, ಅದನ್ನು ಮಾರುವುದರಲ್ಲಿ ದೋಷವಿಲ್ಲ ಎಂದು ಹೇಳಿಬಿಡುವುದು ಸುಲಭ. ಆದರೆ ಹಿಡಿದವನು ಕುರುಡಾಗುವ ಗುರಾಣಿಯನ್ನು ಕೊಟ್ಟರೆ ಅವನ ಭಯಕ್ಕೂ, ಭಯದಿಂದ ಸಿಡಿಯುವ ಗುಂಡಿಗೂ ಕೊಟ್ಟವನು ಪಾಲುಗಾರನಲ್ಲವೇ?

ಅದೇ ವರ್ತಕರು ಪ್ಲಾಸ್ಟಿಕ್ ಹಾಳೆಗಳನ್ನೂ ಮಾರುವವರು. ಹೊರಗಿನ ಕಾರ್ಖಾನೆಯೊಂದು ಗುರಾಣಿಯ ಕಿಂಡಿಗೆಂದು ದಪ್ಪ ಹಾಳೆಯ ದರ ಕೇಳಿತು. ಯಾವ ಗುಂಡಿಗೆ ಪರೀಕ್ಷೆಯಾಗಬೇಕು ಎಂದು ಇವರು ವಿಚಾರಿಸಿದಾಗ ಬಂದ ಉತ್ತರ: “ಆಚೆ ಕಂಡರೆ ಸಾಕು, ದರ ಕಡಿಮೆ ಇರಲಿ.” ಇವರು ದರ ಕೊಡಲಿಲ್ಲ. ಆ ತಿಂಗಳಿನಲ್ಲಿ ಅಷ್ಟು ದೊಡ್ಡ ಗಿರಾಕಿ ಮತ್ತೊಬ್ಬರು ಬರಲಿಲ್ಲ. ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಒಳ್ಳೆಯ ಸರಕಿನಂತೆ ತೋರುವ ಕೀಳು ಸರಕನ್ನು ಮಾರುವುದು. ತುಪ್ಪದಲ್ಲಿ ಬೆರಕೆಯಾದರೆ ಕೊಂಡವನು ಮೋಸಹೋಗುತ್ತಾನೆ. ಇಲ್ಲಿ ಬೆರಕೆಯಾದರೆ ಒಬ್ಬನು ಪ್ರಾಣ ಕಳೆದುಕೊಳ್ಳುತ್ತಾನೆ. ಗುಂಡು ನಿರೋಧಕ ಅಂಗಿಗೆ ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಐಎಸ್ 17051 ಎಂಬ ಮಾನಕವನ್ನು ಹೊರಡಿಸಿತು. ಪ್ರಾಣರಕ್ಷಣೆಯ ಯಾವ ಸರಕಿನಲ್ಲಾಗಲಿ, ಪರೀಕ್ಷೆಯ ದಾಖಲೆಯಿಲ್ಲದೆ ಮಾರುವುದು ವ್ಯಾಪಾರವೆನಿಸದು.

ಭರತ-ಬಾಹುಬಲಿಗಳ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ ನಿರಪರಾಧಿಗಳ ಸಾವನ್ನು ತಪ್ಪಿಸಲು ಮಂತ್ರಿಗಳು ಧರ್ಮಯುದ್ಧವನ್ನು ಸೂಚಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಆ ಮೂರರಲ್ಲಿ ದೃಷ್ಟಿಯುದ್ಧಕ್ಕೆ ಮೊದಲ ಸ್ಥಾನ. ಎತ್ತರದವನಾದ ಬಾಹುಬಲಿಯ ಮುಖವನ್ನು ತಲೆಯೆತ್ತಿ ನೋಡಬೇಕಾದ ಭರತನ ಕಣ್ಣು ಮೊದಲು ಸೋತಿತು. ಒಬ್ಬರನ್ನೊಬ್ಬರು ಚೆನ್ನಾಗಿ ಕಾಣುತ್ತಿದ್ದ ಆ ಕಾಳಗದಲ್ಲಿ ಯಾರ ರಕ್ತವೂ ಬೀಳಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೆ ಗುರಾಣಿಯನ್ನು ತಿದ್ದುವ ಅಧಿಕಾರವಿಲ್ಲ. ಬೆಳಕನ್ನು ತಿದ್ದುವ ಅಧಿಕಾರವಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ರಥೋತ್ಸವವಾಗಲಿ, ಜನಸಂದಣಿಯ ಪೂಜೆಯಾಗಲಿ ನಡೆಯುವಾಗ ಬಂದೋಬಸ್ತಿನ ಪೊಲೀಸರು ನಿಲ್ಲುವ ಸ್ಥಳವನ್ನು ಮೊದಲೇ ಕೇಳಿ ತಿಳಿಯಬೇಕು. ಅವರ ಕಣ್ಣಿಗೆ ಹೊಡೆಯುವಂತೆ ದೀಪ ಕಟ್ಟದೆ, ಜನರ ಮೇಲೂ ಮೆಟ್ಟಿಲುಗಳ ಮೇಲೂ ಬೆಳಕು ಬೀಳುವಂತೆ ಕಟ್ಟಬೇಕು. ಅಲಂಕಾರದ ದೀಪಗಳ ಖರ್ಚಿನಲ್ಲಿ ಇದಕ್ಕೊಂದು ಪಾಲು ಮೀಸಲಾಗಲಿ. ಪಡೆಗಳಿಗೆ ರಕ್ಷಣಾ ಸಾಮಗ್ರಿ ಒದಗಿಸುವ ಶ್ರಾವಕರಿದ್ದರೆ, ಸರಕು ಕಳಿಸುವ ಮುನ್ನ ಒಮ್ಮೆ ಅದರ ಹಿಂದೆ ತಾವೇ ನಿಂತು, ಮಬ್ಬು ಬೆಳಕಿನಲ್ಲಿ, ಎದುರಿಗಿರುವುದು ಏನೆಂದು ನೋಡಲಿ. ತಮಗೆ ಕಾಣದಿದ್ದುದು ಆ ಹುಡುಗನಿಗೂ ಕಾಣದು.