ನಮ್ಮ ಸಾಕ್ಷಿ ನಮಗೆ ಮರಳಿದ ಬಗೆ

ಮನೆಯೊಳಗಿನ ಮಾತನ್ನು ಹೊರಗೆ ಹಾಕಬಾರದೆಂಬ ಹಿರಿಯರ ಕಟ್ಟಳೆಯನ್ನು ನಾವು 11 ವರುಷ ಪಾಲಿಸಿದೆವು. ಇಂದು ಅದನ್ನು ಮೀರಿ ಬರೆಯಲು ಕುಳಿತಿರುವದು ಯಾರನ್ನೂ ಹೀಗಳೆಯುವದಕ್ಕಲ್ಲ. ಅಂಥದೇ ಮೌನವನ್ನು ಪಾಲಿಸುತ್ತಿರುವ ಸೋದರಿಯರು ಈ ಮಾಸಪತ್ರಿಕೆಯು ಹೋಗುವ ಮನೆಗಳಲ್ಲಿಯೂ ಇರಬಹುದು. ಅವರ ತಾಯಿತಂದೆಗಳೂ ಅಣ್ಣತಮ್ಮಂದಿರೂ ಇದನ್ನು ಓದಬಹುದು. ಅವರಿಗಾಗಿ ಈ ನಾಲ್ಕು ಮಾತು. ಬರೆಯುವವಳು ಒಬ್ಬಳೇ ಆದರೂ ‘ನಾವು’ ಎಂದು ಬರೆಯುತ್ತಿರುವದಕ್ಕೆ ಕಾರಣವುಂಟು. ಆ ಮನೆಯಲ್ಲಿ ‘ನಾನು’ ಎಂಬ ಶಬ್ದವು ಒಬ್ಬರದೇ ಸ್ವತ್ತಾಗಿದ್ದಿತು. ನಮಗೆ ಅದನ್ನು ಆಡುವ ರೂಢಿ ತಪ್ಪಿತು. ಅದು ಇನ್ನೂ ಪೂರ್ಣವಾಗಿ ಮರಳಿಲ್ಲ.

2006 ರಲ್ಲಿ ಮದುವೆಯಾಗಿ ಖಾನಾಪುರದಿಂದ ಬೆಳಗಾವಿಗೆ ಬಂದೆವು. ಟಿಳಕವಾಡಿಯಲ್ಲಿ ಮನೆ. ಯಜಮಾನರು ನಾಲ್ಕು ಜನಕ್ಕೆ ಬೇಕಾದವರು. ಸಭೆಯಲ್ಲಿ ಮಾತು ಚೆಂದ, ನೆರೆಯವರ ಅಡಚಣೆಗೆ ಎಲ್ಲರಿಗಿಂತ ಮುಂದೆ, ಹಬ್ಬಕ್ಕೆ ನಮ್ಮ ತವರಿಗೆ ಕುಂದಾ ತಪ್ಪದೆ ಒಯ್ಯುವ ಅಳಿಯ. “ದೇವರಂಥಾ ಮನಿಶ್ಯಾ ಸಿಕ್ಕಾನ ನಿನಗ” ಎಂದು ಓಣಿಯವರು ಹೇಳಿದಾಗ ನಾವೂ ಹಾಗೆಯೇ ತಿಳಿದಿದ್ದೆವು. ಮೊದಲಿನ ಒಂದು ವರುಷ ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. ತರುವಾಯ ಆ ಹೊಗಳಿಕೆಯು ಯಾವಾಗ ನಿಂತಿತೆಂಬದು ನಮಗೆ ತಿಳಿಯಲೇ ಇಲ್ಲ.

ಒಂದು ಸಣ್ಣ ಸಂಗತಿಯನ್ನು ಹೇಳಿದರೆ ಉಳಿದುದೆಲ್ಲ ತಿಳಿದೀತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು ಸಾರಿನಲ್ಲಿ ಉಪ್ಪೇ ಇಲ್ಲವೆಂದರು. ಹಾಕಿದ್ದು ನಮಗೆ ಚೆನ್ನಾಗಿ ನೆನಪಿದ್ದಿತು. ಅವರು ಸಿಟ್ಟಾಗಲಿಲ್ಲ; ಮೆಲ್ಲಗೆ ನಕ್ಕು, “ಈಗೀಗ ನಿನಗ ಮರವು ಬಾಳ ಆಗೇದ” ಎಂದರು. ರುಚಿ ನೋಡಿದೆವು. ನಾಲಿಗೆಗೆ ಉಪ್ಪು ತಿಳಿಯಿತು; ಆದರೂ ಕೈ ತಾನೇ ಮತ್ತೊಂದು ಚಿಟಿಕೆ ಹಾಕಿತು. ಎರಡನೆಯ ಸಲ ಬಡಿಸಿದಾಗ ಉಪ್ಪು ಅತಿಯಾಯಿತೆಂದು ತಾಟನ್ನು ಸರಿಸಿ ಎದ್ದುಹೋದರು. ಅಂದು ನಾವು ಕೆಡಿಸಿದ್ದು ಸಾರನ್ನಲ್ಲ, ನಮ್ಮ ನಾಲಿಗೆಯ ಮೇಲಿನ ನಂಬಿಗೆಯನ್ನು. ಮುಂದೆ ಕೀಲಿಕೈ, ಹಣದ ಲೆಕ್ಕ, ಯಾರು ಏನೆಂದರೆಂಬ ಮಾತು, ಎಲ್ಲದರಲ್ಲಿಯೂ ಹೀಗೆಯೇ ಆಯಿತು. ಶಾಲೆಯ ಕೆಲಸವನ್ನು ಬಿಟ್ಟೆವು. ಬ್ಯಾಂಕಿನ ಪಾಸುಬುಕ್ಕು ಅವರ ಕಪಾಟು ಸೇರಿತು. ತವರಿಗೆ ಫೋನು ಮಾಡಿದರೆ ಎರಡು ದಿನ ಮಾತು ಬಂದು. ನಾಲ್ಕಾರು ತಿಂಗಳಿಗೊಮ್ಮೆ ಕಣ್ಣೀರು ಸುರಿಸಿ, ಶಹಾಪುರದ ಸೀರೆ ತಂದುಕೊಟ್ಟು, ಇನ್ನು ಹೀಗಾಗದೆನ್ನುವರು. ಹದಿನೈದು ದಿನ ಮನೆ ಸ್ವರ್ಗವಾಗುವದು. ಮರಳಿ ಅದೇ ಗಾಣ. ಒಂದು ದಿನವೂ ಕೈ ಎತ್ತಿದವರಲ್ಲ. ಆದುದರಿಂದಲೇ ನಮಗೆ ನೋವಾಗುತ್ತಿದೆಯೆಂದು ನಮಗೇ ಹೇಳಿಕೊಳ್ಳುವ ಧೈರ್ಯವಿರಲಿಲ್ಲ.

2017 ರ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಒಂಬತ್ತು ವರುಷದ ಮಗಳಿಗೆ, ಪುಸ್ತಕವನ್ನು ಚೀಲದಲ್ಲಿಯೇ ಇಟ್ಟಿರುವೆವೆಂದು ಹೇಳಿದೆವು. ಹುಡುಗಿಯು ಮೆಲ್ಲಗೆ ನಕ್ಕು, “ಅವ್ವಾ, ನಿನಗೆಲ್ಲಿ ನೆನಪಿರತದ?” ಎಂದಳು. ಆ ನಗೆ ಅವಳದಲ್ಲ. ಪುಸ್ತಕವು ಚೀಲದಲ್ಲಿಯೇ ಇದ್ದಿತು. ನಮ್ಮ ಸಲುವಾಗಿ ನಾವು ಏಳಲಾರದೆ ಇದ್ದೆವು. ಇವಳು ನಾಳೆ ಹೀಗೆ ನಗುವವಳೋ ಹೀಗೆ ನಗಿಸಿಕೊಳ್ಳುವವಳೋ ಆಗುವಳೆಂಬ ಅಂಜಿಕೆಯು ನಮ್ಮನ್ನು ಎಬ್ಬಿಸಿತು. ಮರುದಿನ ಮಗಳ ಕೈ ಹಿಡಿದು ಖಾನಾಪುರದ ಗಾಡಿ ಹತ್ತಿದೆವು. ಬೆಳಗಾವಿಯಿಂದ ಸುಮಾರು 25 ಕಿಲೋಮೀಟರು. ದೇಸೂರು ದಾಟುವವರೆಗೂ ಇಳಿದು ಹಿಂದಿರುಗಬೇಕೆಂದೇ ಮನಸ್ಸು ಹೇಳುತ್ತಿದ್ದಿತು.

ಅವ್ವ ಬಾಗಿಲಲ್ಲಿ ನಮ್ಮ ಮುಖ ನೋಡಿದಳು. ಯಾಕೆ ಬಂದೆ, ಏನು ತಪ್ಪು ಮಾಡಿದೆ, ಯಾವಾಗ ಹಿಂದಿರುಗುವೆ, ಈ ಮೂರನ್ನೂ ಕೇಳಲಿಲ್ಲ. “ಮದಲ ಉಣ್ಣ ಬಾ, ತಂಗೀ” ಎಂದಳು. ನಮ್ಮ ಗುಣವು ಆ ಮಾತಿನಿಂದ ಆರಂಭವಾಯಿತೆಂದು ಈಗ ತಿಳಿಯುತ್ತದೆ. ಕೆಲವು ದಿನಗಳ ಮೇಲೆ ನಾವೇ ಎಲ್ಲವನ್ನೂ ಹೇಳಿ, “ನನ್ನ ತಲಿನ ಕೆಟ್ಟಿರಬೇಕಲ್ಲವಾ?” ಎಂದಾಗ ಅವಳು, “ನೀ ಹೇಳೂದು ಖರೇ ಅಂತ ನನಗ ಗೊತ್ತೈತಿ” ಎಂದಳು. ಆ ಮಾತಿಗೆ ಅತ್ತಷ್ಟು ನಾವು ಹಿಂದೆಂದೂ ಅತ್ತಿರಲಿಲ್ಲ.

ಇಂಥ ನಡತೆಯನ್ನು ಕುರಿತು ತಿಳಿದವರು ಬರೆದಿರುವದನ್ನು ಮುಂದೆ ಓದಿದೆವು. ನೀರಿನಲ್ಲಿ ತನ್ನ ಪ್ರತಿಬಿಂಬಕ್ಕೆ ತಾನೇ ಮರುಳಾದ ನಾರ್ಸಿಸಸ್ ಎಂಬವನ ಕಥೆ ಗ್ರೀಕರಲ್ಲಿ ಉಂಟು. ಅವನ ಹೆಸರಿನಿಂದ ಕರೆಯಲ್ಪಡುವ ಆತ್ಮಮೋಹವನ್ನು ಕುರಿತು ಫ್ರಾಯ್ಡನು 1914 ರಲ್ಲಿ ಪ್ರಬಂಧ ಬರೆದನು. 1980 ರಲ್ಲಿ ಅಮೇರಿಕೆಯ ಮನೋವೈದ್ಯರ ಸಂಘವು ಇದರ ಅತಿರೇಕವನ್ನು ವ್ಯಕ್ತಿತ್ವದ ಒಂದು ದೋಷವೆಂದು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಆಂಗ್ಲ ನಾಟಕಕಾರ ಪ್ಯಾಟ್ರಿಕ್ ಹ್ಯಾಮಿಲ್ಟನ್ 1938 ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕದಲ್ಲಿ ಗಂಡನು ಹೆಂಡತಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಅವಳೇ ನಂಬುವಂತೆ ಮಾಡುತ್ತಾನೆ. ಮನೆಯ ದೀಪವು ಮಂದವಾಗುವದನ್ನು ಅವಳು ಕಣ್ಣಾರೆ ಕಂಡರೂ ತನ್ನ ಕಣ್ಣನ್ನು ನಂಬಲಾರಳು. ಓದಿದಾಗ ನಮ್ಮ ಸಾರಿನ ಉಪ್ಪು ನೆನಪಾಯಿತು. ಆದರೆ ಒಂದು ಎಚ್ಚರಿಕೆ: ಯಾರಿಗೆ ಯಾವ ರೋಗವೆಂದು ಹೇಳುವದು ವೈದ್ಯರ ಕೆಲಸ, ಹೆಂಡತಿಯದಲ್ಲ. ಅವರಿಗೊಂದು ಹೆಸರು ಹುಡುಕುವದರಲ್ಲಿಯೇ ನಾವು ಆರು ತಿಂಗಳು ಕಳೆದೆವು. ಅಷ್ಟು ದಿನವೂ ಮನಸ್ಸು ಅವರ ಸುತ್ತಲೇ ತಿರುಗಿತು. ಅವರ ನಡತೆಯಿಂದ ನಮಗೆ ಕೇಡಾಯಿತೆಂಬ ತಿಳುವಳಿಕೆಯಷ್ಟೇ ಸಾಕಾಗಿದ್ದಿತು.

ಅದಕ್ಕಿಂತಲೂ ದೊಡ್ಡ ತಪ್ಪು ಇನ್ನೊಂದು. ಒಂದು ದಿನ ಅವರು ಬಂದು, ತಪ್ಪಾಯಿತು, ನೀನು ಹೇಳಿದ್ದೇ ಖರೆ ಎನ್ನುವರೆಂದು ಕಾದೆವು. ಮೊಬೈಲಿಗೆ ಬಂದ ಮಧುರ ಸಂದೇಶಗಳನ್ನು ಓದಿ ಎರಡು ಸಲ ಬೆಳಗಾವಿಗೆ ಹೊರಟು ನಿಂತಿದ್ದೂ ಉಂಟು. ನಮ್ಮ ಸಾಕ್ಷಿಗೆ ಅವರಿಂದಲೇ ಒಪ್ಪಿಗೆ ಬೇಕೆಂದು ಕಾಯುವವರೆಗೆ ಆ ಸಾಕ್ಷಿಯು ಅವರ ಕಪಾಟಿನಲ್ಲಿಯೇ ಉಳಿದಂತೆ. ಇದನ್ನು ತಿಳಿದಂದಿನಿಂದ ಅವರ ಸಂದೇಶ ನೋಡುವದನ್ನು ಬಿಟ್ಟೆವು. ಮಗಳ ವಿಷಯಕ್ಕೆ ಬೇಕಾದ ಮಾತೆಲ್ಲ ಅಣ್ಣನ ಮುಖಾಂತರ ನಡೆಯಿತು.

ಜುಡಿತ್ ಹರ್ಮನ್ ಎಂಬ ಅಮೇರಿಕೆಯ ಮನೋವೈದ್ಯೆಯು 1992 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಗಾಯವು ಮಾಯುವದಕ್ಕೆ ಮೂರು ಹಂತಗಳನ್ನು ಹೇಳುತ್ತಾಳೆ: ಮೊದಲು ಸುರಕ್ಷಿತವಾದ ನೆಲೆ, ಬಳಿಕ ನಡೆದುದನ್ನು ನೆನೆದು ಹೇಳಿ ಅಳುವದು, ಕೊನೆಗೆ ಜನರೊಡನೆ ಮರಳಿ ಕೂಡುವದು. ನೆಲೆಯನ್ನು ಅವ್ವ ಕೊಟ್ಟಳು. ಎರಡನೆಯದಕ್ಕೆ ವೈನಿಯು ಒಂದು ಹಳೆಯ ಲೆಕ್ಕದ ವಹಿಯನ್ನು ಕೊಟ್ಟರು. ರಾತ್ರಿ ಅದರಲ್ಲಿ ಸಣ್ಣ ಸಂಗತಿಗಳನ್ನು ಬರೆದಿಡುವೆವು: ಹಿತ್ತಲ ಬಾಗಿಲ ಕೀಲಿ ಹಾಕಿದೆವು, ಹಾಲಿನವನಿಗೆ ರೊಕ್ಕ ಕೊಟ್ಟೆವು. ಬೆಳಿಗ್ಗೆ ಎದ್ದು ನೋಡಿದರೆ ಕೀಲಿ ಬಿದ್ದಿರುವದು, ರೊಕ್ಕ ಮುಟ್ಟಿರುವದು. ಹೀಗೆ ನೂರು ದಿನ ಬರೆದ ಮೇಲೆ ನಮ್ಮ ನೆನಪು ಕೆಟ್ಟಿಲ್ಲವೆಂಬದು ನಮ್ಮ ಕೈಬರಹದಲ್ಲಿಯೇ ಸಿದ್ಧವಾಯಿತು. ಮೂರನೆಯದು ಒಂದು ಮಕ್ಕಳ ಶಾಲೆಯ ಕೆಲಸದಿಂದ ಬಂದಿತು. ನಡುನಡುವೆ ಕಾಲು ಜಾರಿದಾಗ ಅವ್ವ ಒಂದು ಮಾತು ಹೇಳುತ್ತಿದ್ದಳು. ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು. ಸುಡದ ಗಡಿಗೆ ಒಡೆದರೆ ನೀರಿನಲ್ಲಿ ನೆನೆಹಾಕಿದಾಗ ಮಣ್ಣು ಮರಳಿ ಹದಕ್ಕೆ ಬರುವದನ್ನು ಇಲ್ಲಿಯವರು ಬಲ್ಲರು. “ನೀ ಇನ್ನೂ ಸುಟ್ಟ ಗಡಿಗಿ ಅಲ್ಲವಾ” ಎನ್ನುವಳು.

ಗೃಹಸ್ಥರು ತಿಳಿದಿರತಕ್ಕ ಮಾತು ಇನ್ನೊಂದುಂಟು. 2005 ರಲ್ಲಿ ಆಗಿ 2006 ರ ಅಕ್ಟೋಬರ 26 ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆಯು ಹೊಡೆತವನ್ನಷ್ಟೇ ಹಿಂಸೆಯೆನ್ನುವದಿಲ್ಲ. ಮಾತಿನಿಂದ ಮನಸ್ಸನ್ನು ನೋಯಿಸುವದೂ, ಹಣ ಹಾಗೂ ಸ್ತ್ರೀಧನವನ್ನು ಕಸಿದುಕೊಳ್ಳುವದೂ ಹಿಂಸೆಯೇ. ಆ ಮನೆಯಲ್ಲಿ ವಾಸಿಸುವ ಹಕ್ಕನ್ನೂ, ರಕ್ಷಣೆಯ ಆಜ್ಞೆಯನ್ನೂ, ಹಣದ ಪರಿಹಾರವನ್ನೂ ನ್ಯಾಯಾಧೀಶರಿಂದ ಕೇಳಬಹುದು. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. 1987 ರ ಕಾಯಿದೆಯ ಮೇರೆಗೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಕ್ಕುವದು. ಆಪತ್ತಿನಲ್ಲಿ 181 ಕ್ಕೂ, ಮನಸ್ಸು ತಾಳಲಾರದಾದಾಗ 14416 ಕ್ಕೂ ಫೋನು ಮಾಡಬಹುದು. ಇಂಥ ಸಂಕಟವು ಗಂಡಸರಿಗೂ ಬರುವದುಂಟು. ಈ ಕಾಯಿದೆ ಅವರಿಗೆ ಅನ್ವಯಿಸದಿದ್ದರೂ ಮನಸ್ಸಿನ ಚಿಕಿತ್ಸೆಯು ಎಲ್ಲರಿಗೂ ಒಂದೇ.

ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ಮಗಳು ಮೈಮೇಲೆ ಗಾಯವಿಲ್ಲದೆ ಬಾಗಿಲಿಗೆ ಬಂದರೆ, ಗಾಯವೆಲ್ಲಿ ಎಂದು ಕೇಳಬೇಡಿರಿ. ಅಳಿಯನು ಊರಿಗೆಲ್ಲ ಒಳ್ಳೆಯವನೆಂದು ಅವಳಿಗೆ ನೆನಪಿಸಬೇಡಿರಿ. ಅದನ್ನು ಅವಳು ಸಾವಿರ ಸಲ ತಾನೇ ಹೇಳಿಕೊಂಡು ಬಂದಿರುವಳು. ಮೊದಲು ಉಣ್ಣಲಿಕ್ಕೆ ಹಾಕಿರಿ. ಬಳಿಕ ಅವಳು ಹೇಳುವದನ್ನು ನಂಬಿರಿ.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಒಲೆಯ ಮೇಲಿನ ಸಾರನ್ನು ಕೈಯಾಡಿಸುತ್ತ, “ಅವ್ವಾ, ಉಪ್ಪು ಹಾಕೀದೇನ?” ಎಂದು ಕೇಳಿದಳು. “ಹಾಕೇನಿ” ಎಂದೆವು. ಅವಳು ಆಗಲಿ ನಾವು ಆಗಲಿ ರುಚಿ ನೋಡಲಿಲ್ಲ. ಊಟಕ್ಕೆ ಕುಳಿತಾಗ ಉಪ್ಪು ಸರಿಯಾಗಿಯೇ ಇದ್ದಿತು.