ಭೂತಬಂಗಲೆಯಿಂದ ಹೊರಬಂದ ಮೇಲೆ

ಕಳೆದ ದಸರೆಯಲ್ಲಿ ಶ್ರೀರಾಂಪುರದಿಂದ ನಾವು ಸಕುಟುಂಬವಾಗಿ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ದೊಡ್ಡಕೆರೆ ಮೈದಾನದಲ್ಲಿ ನೋಡುವಂಥದ್ದು ಎಷ್ಟಿದ್ದರೇನು, ಮೊಮ್ಮಗನ ಹಟವೆಲ್ಲ ಭೂತಬಂಗಲೆಗೇ! ಒಳಗೆ ಕತ್ತಲು, ತೂಗುವ ಎಲುಬುಗೂಡು, ಧ್ವನಿವರ್ಧಕದ ಕಿರುಚಾಟ. ತಿರುವಿನಲ್ಲಿ ಬಿಳಿ ಸೀರೆಯ ಆಕೃತಿಯೊಂದು ಎದುರಾಯಿತು. ಹುಡುಗ ನಕ್ಕುಬಿಟ್ಟ, ನಮ್ಮ ಕೈ ಮಾತ್ರ ಎದೆಯ ಮೇಲಿನ ಕರಡಿಗೆಯನ್ನು ಹಿಡಿದಿತ್ತು.

"ತಾತ, ಭಯವಾಯಿತೇ?"

"ಇಲ್ಲಪ್ಪ" ಎಂದೆವು.

"ಸುಳ್ಳೇಕೆ ಹೇಳುತ್ತೀರಿ? ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದವರು ಯಾರು?" ಎಂದರು ನಮ್ಮ ಮನೆಯವರು.

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಆ ಬರಹವಿತ್ತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವವು ಅದನ್ನು ಓದಿ ಹಿಂದಿರುಗುವುದೆಂದು ಜನ ಹೇಳುತ್ತಿದ್ದರು. ನಿತ್ಯವೂ ಲಿಂಗಪೂಜೆ ಮಾಡುವ ನಾವೂ ಸೀಮೆಸುಣ್ಣ ಹಿಡಿದಿದ್ದೆವು. ಅಂಥದೊಂದು ರಾತ್ರಿ ನೆರೆಮನೆಯಾಕೆ ನಮ್ಮ ಮನೆಯವರ ಹೆಸರು ಹಿಡಿದು ಕೂಗಿದರು, ಬಾಗಿಲು ಬಡಿದರು. ದನಿ ಗುರುತು ಸಿಕ್ಕಿತ್ತು. ಸಿಕ್ಕಿದ್ದರಿಂದಲೇ ನಾವು ತೆರೆಯಲಿಲ್ಲ. ಆಕೆಯ ಪತಿಗೆ ಎದೆನೋವು ಬಂದಿತ್ತು. ಎದುರುಮನೆಯವರು ಆಟೋ ತಂದರು; ಶಿವನ ದಯದಿಂದ ಅವರು ಉಳಿದರು.

ಬಸ್ಸಿನಲ್ಲಿ ಇದನ್ನೆಲ್ಲ ಕೇಳಿದ ಹುಡುಗ, "ಆಮೇಲೆ ಅವರನ್ನು ಕ್ಷಮೆ ಕೇಳಿದಿರಾ ತಾತ?" ಎಂದ.

ಕೇಳಬೇಕೆಂದುಕೊಳ್ಳುತ್ತಲೇ ವರ್ಷ ಕಳೆಯಿತು. ಅವರು ಮನೆ ಬದಲಿಸಿ ಹೋದರು.